ಲೆಮ್ಮಿ ಹೋದ ಮೇಲೆ ಹಾಕ್‌ವಿಂಡ್ ಕೇಳೋದಕ್ಕೆ ಏನಾದರೂ ಉಳಿದಿದೆಯಾ?

ನಿಮ್ಮ ಪ್ರಶ್ನೆ ಇಷ್ಟು: ಲೆಮ್ಮಿಯ ಮೋಟರ್‌ಹೆಡ್ ತಂಡವನ್ನು ಕೇಳಿ, ಅವನು ಅದಕ್ಕೂ ಮೊದಲು ಬೇಸ್ ಗಿಟಾರ್ ನುಡಿಸುತ್ತಿದ್ದ ಬ್ರಿಟಿಷ್ ರಾಕ್ ತಂಡ ಹಾಕ್‌ವಿಂಡ್‌ಗೆ ಬಂದಿದ್ದೀರಿ, ಅವರ ಲೈವ್ ಆಲ್ಬಂ 'ಸ್ಪೇಸ್ ರಿಚುವಲ್' ತುಂಬಾ ಹಿಡಿಸಿದೆ. 1975ರಲ್ಲಿ ಲೆಮ್ಮಿಯನ್ನು ಹೊರಗೆ ಹಾಕಿದ ಮೇಲೆ ಬಂದ ಆಲ್ಬಂಗಳನ್ನು ಕೇಳಬೇಕೋ ಬೇಡವೋ ಅಂತ ಅನುಮಾನ. ಖಂಡಿತ ಕೇಳಿ. ಆದರೆ ಲೆಮ್ಮಿ ಹೋದ ಕೂಡಲೇ ಬಂದದ್ದನ್ನಲ್ಲ, ಅದರ ಮುಂದಿನದನ್ನು. 1977ರ 'ಕ್ವಾರ್ಕ್, ಸ್ಟ್ರೇಂಜ್‌ನೆಸ್ ಅಂಡ್ ಚಾರ್ಮ್'. ನನಗೆ ಹಾಕ್‌ವಿಂಡ್‌ನ ಸ್ಟುಡಿಯೋ ಆಲ್ಬಂಗಳಲ್ಲಿ ಇದೇ ಎಲ್ಲಕ್ಕಿಂತ ಮೇಲು.

ಲೆಮ್ಮಿಯ ಕಥೆ ನಿಮಗೆ ಗೊತ್ತೇ ಇರುತ್ತದೆ. ಅಮೆರಿಕ ಪ್ರವಾಸದ ಮಧ್ಯೆ ಕೆನಡಾ ಗಡಿಯಲ್ಲಿ ಪೊಲೀಸರು ಹಿಡಿದರು. ಕೊಕೇನ್ ಅಂದುಕೊಂಡಿದ್ದು ಆಂಫೆಟಮೈನ್ ಅಂತ ಗೊತ್ತಾಗಿ ಕೇಸು ಬಿದ್ದುಹೋಯಿತು. ಕೆಲಸ ಮಾತ್ರ ಉಳಿಯಲಿಲ್ಲ. ಹೋದದ್ದು ಬರೀ ಒಬ್ಬ ಬೇಸ್ ವಾದಕನಲ್ಲ. ಲೆಮ್ಮಿ ಮೂಲತಃ ಗಿಟಾರ್ ನುಡಿಸುತ್ತಿದ್ದವನು, ಬೇಸ್ ಅನ್ನೂ ಹಾಗೇ ಕಾರ್ಡ್ (ಒಟ್ಟಿಗೆ ಹಲವು ಸ್ವರ) ಹಿಡಿದು ನುಡಿಸುತ್ತಿದ್ದ. ಆ ದಪ್ಪ ಸದ್ದಿನ ಮೇಲೇ ಉಳಿದವರೆಲ್ಲ ತೇಲುತ್ತಿದ್ದರು. ಅದು ಹೋದಾಗ ದೊಡ್ಡ ಖಾಲಿ ಜಾಗ ಆಯಿತು.

ಆ ಜಾಗ ತುಂಬಲು ಮೊದಲು ಮಾಡಿದ ಪ್ರಯತ್ನ 1976ರ 'ಅಸ್ಟೌಂಡಿಂಗ್ ಸೌಂಡ್ಸ್, ಅಮೇಜಿಂಗ್ ಮ್ಯೂಸಿಕ್'. ಲೆಮ್ಮಿ ಜಾಗಕ್ಕೆ ಪಿಂಕ್ ಫೇರೀಸ್ ತಂಡದ ಪಾಲ್ ರುಡಾಲ್ಫ್ ಬಂದರು. ಡ್ರಮ್ಸ್‌ಗೆ ಇಬ್ಬರು, ಜೊತೆಗೆ ನಿಕ್ ಟರ್ನರ್ ಅವರ ಸ್ಯಾಕ್ಸೊಫೋನ್. ಎಲ್ಲರೂ ಚೆನ್ನಾಗಿಯೇ ನುಡಿಸಿದ್ದಾರೆ. ತೊಂದರೆ ಏನೆಂದರೆ ಅವರಿಗೊಂದು ಹಾಡು, ಇವರಿಗೊಂದು ಹಾಡು ಅಂತ ಹಂಚಿಕೊಂಡ ಹಾಗಿದೆ. ಒಂದು ಕಡೆ ಫಂಕ್, ಇನ್ನೊಂದು ಕಡೆ ಮನಸ್ಸಿಗೆ ಬಂದಂತೆ ನುಡಿಸುತ್ತಾ ಹೋಗುವ ಜ್ಯಾಮ್. 'ಸ್ಟೆಪೆನ್‌ವುಲ್ಫ್' ಒಂದು ಕೇಳಿ, ಉಳಿದದ್ದು ನಿಮ್ಮಿಷ್ಟ.

ಆಮೇಲೆ ಬಂತು ನಿಜವಾದ ಭೂಕಂಪ. 1976ರ ಕೊನೆಯಿಂದ 1977ರ ಶುರುವಿನೊಳಗೆ ಟರ್ನರ್, ಡ್ರಮ್ಸ್‌ನ ಅಲನ್ ಪೊವೆಲ್, ರುಡಾಲ್ಫ್ ಮೂವರೂ ಹೊರಗೆ. ಟರ್ನರ್ ಅಂದರೆ ತಂಡ ಹುಟ್ಟಿದಾಗಿನಿಂದ ಇದ್ದವರು. ಹಾಡುವವರಿಗೂ ಜಾಗ ಬಿಡದೆ ಊದುತ್ತಾರೆ ಅನ್ನೋದು ಅವರ ಮೇಲಿದ್ದ ದೂರು. ತಂಡದ ಯಜಮಾನ ಡೇವ್ ಬ್ರಾಕ್ ನಡೆದುಕೊಂಡ ರೀತಿ ಸರಿ ಅಂತ ನಾನು ಹೇಳಲಾರೆ. ಆದರೆ ಸಂಗೀತದ ಮಟ್ಟಿಗೆ ಅದರಿಂದ ಒಳ್ಳೆಯದೇ ಆಯಿತು. ಏಡ್ರಿಯನ್ ಶಾ ಬೇಸ್‌ಗೆ ಬಂದರು. ಬ್ರಾಕ್, ಹಾಡು ಬರೆದು ಹಾಡುವ ರಾಬರ್ಟ್ ಕ್ಯಾಲ್ವರ್ಟ್, ವಯಲಿನ್‌ನ ಸೈಮನ್ ಹೌಸ್, ಡ್ರಮ್ಸ್‌ನ ಸೈಮನ್ ಕಿಂಗ್, ಶಾ: ಐದೇ ಜನ ವೇಲ್ಸ್‌ನ ರಾಕ್‌ಫೀಲ್ಡ್ ಸ್ಟುಡಿಯೋಗೆ ಹೋಗಿ ಕೂತರು. ಲೆಮ್ಮಿ ಬಿಟ್ಟುಹೋದ ಜಾಗವನ್ನು ಈ ಸಲ ಸದ್ದಿನಿಂದ ತುಂಬಲಿಲ್ಲ. ಅಲ್ಲಿ ಕ್ಯಾಲ್ವರ್ಟ್‌ನ ಮಾತನ್ನು ತಂದು ನಿಲ್ಲಿಸಿದರು.

ಇಲ್ಲೊಂದು ತಮಾಷೆ ಇದೆ. 1972ರ ದೊಡ್ಡ ಹಿಟ್ 'ಸಿಲ್ವರ್ ಮಷೀನ್' ಅನ್ನು ಲೈವ್ ಆಗಿ ಹಾಡಿದ್ದು ಕ್ಯಾಲ್ವರ್ಟೇ, ಸಾಹಿತ್ಯವೂ ಅವನದೇ. ರೆಕಾರ್ಡ್ ಬರುವಾಗ ಅವನ ದನಿ ತೆಗೆದು ಲೆಮ್ಮಿಯಿಂದ ಹಾಡಿಸಿದರು. ಐದು ವರ್ಷ ಆದಮೇಲೆ ಇಡೀ ಆಲ್ಬಂ ಕ್ಯಾಲ್ವರ್ಟ್ ಕೈಗೆ ಬಂತು.

ಮೊದಲ ಹಾಡು 'ಸ್ಪಿರಿಟ್ ಆಫ್ ದಿ ಏಜ್' ಕೇಳಿದರೆ ನಾನು ಹೇಳುತ್ತಿರುವುದು ಅರ್ಥವಾಗುತ್ತದೆ. ಎರಡೇ ಕಾರ್ಡ್, ನಿಲ್ಲದ ಒಂದೇ ತಾಳ. ದೂರದ ಬಾಹ್ಯಾಕಾಶದಲ್ಲಿರುವ ಒಬ್ಬ ತನ್ನ ಹುಡುಗಿಗೆ ಹೇಳುತ್ತಿದ್ದಾನೆ: ನಿನ್ನನ್ನೂ ಹಿಮದಲ್ಲಿ ಹೆಪ್ಪುಗಟ್ಟಿಸಿ ಇಡಬಹುದಿತ್ತು, ನಾನು ವಾಪಸ್ ಬರುವವರೆಗೆ ನೀನು ಹಾಗೇ ಇರುತ್ತಿದ್ದೆ. ಆದರೆ ನಿಮ್ಮಪ್ಪ ಫಾರಂಗೆ ಸಹಿ ಹಾಕಲಿಲ್ಲ! ಈಗ ಅವಳಿಗೆ ಅರವತ್ತರ ಹತ್ತಿರ, ಇವನು ಭೂಮಿಗೆ ಇಳಿಯುವ ಹೊತ್ತಿಗೆ ಅವಳು ಸತ್ತು ಎಷ್ಟೋ ಕಾಲ ಆಗಿರುತ್ತದೆ. ಜೊತೆಗಿರುವುದು ಅವಳ ಹಾಗೇ ಮಾಡಿದ ಯಂತ್ರ, ಅದೂ ಕೆಟ್ಟು ಸರಸದ ಹೊತ್ತಲ್ಲಿ ಬೇರೆ ಯಾರದೋ ಹೆಸರು ಕೂಗುತ್ತದೆ. ಹಾಡಿನ ಎರಡನೇ ಅರ್ಧ ಒಬ್ಬ ಕ್ಲೋನ್‌ನ ಗೊಣಗಾಟ. ಇಷ್ಟನ್ನೂ ಕ್ಯಾಲ್ವರ್ಟ್ ಸರ್ಕಾರಿ ಕಚೇರಿಯಲ್ಲಿ ಅರ್ಜಿ ಓದಿ ಹೇಳುವ ಗುಮಾಸ್ತನ ಹಾಗೆ ಹೇಳುತ್ತಾನೆ. ನಗುವೂ ಬರುತ್ತದೆ, ಹೊಟ್ಟೆಯಲ್ಲಿ ಒಂಥರಾ ಸಂಕಟವೂ ಆಗುತ್ತದೆ. ಲೆಮ್ಮಿ ಕಾಲದ ಅಬ್ಬರದಲ್ಲಿ ಈ ಮಾತುಗಳು ಕಿವಿಗೆ ಬೀಳುತ್ತಲೇ ಇರಲಿಲ್ಲ ಅಲ್ವಾ?

ಶೀರ್ಷಿಕೆಯ ಹಾಡು ಸುಮ್ನೆ ಒಂದು ಖುಷಿಯ ಪಾಪ್ ಹಾಡು. ಆಗ ಚಾರ್ಮ್ ಕ್ವಾರ್ಕ್ ಅನ್ನುವ ಅತಿ ಸೂಕ್ಷ್ಮ ಕಣ ಇನ್ನೂ ಬಿಸಿ ಸುದ್ದಿ. ಅದನ್ನು ಪತ್ತೆಹಚ್ಚಿದ್ದು 1974ರ ನವೆಂಬರ್‌ನಲ್ಲಿ, ಅದಕ್ಕೆ ನೊಬೆಲ್ ಬಂದದ್ದು 1976ರಲ್ಲಿ. ಕ್ಯಾಲ್ವರ್ಟ್ ಅದನ್ನು ಹಿಡಿದು, ಐನ್‌ಸ್ಟೈನ್‌ಗೆ ಹುಡುಗಿಯರ ವಿಷಯದಲ್ಲಿ ಅದೃಷ್ಟ ಇರಲಿಲ್ಲ, ಯಾಕೆಂದರೆ ಚಾರ್ಮ್ (ಇಂಗ್ಲಿಷಿನಲ್ಲಿ ಮೋಡಿ ಅಂತಲೂ ಅರ್ಥ) ಬಗ್ಗೆ ಅವರಿಗೆ ಗೊತ್ತೇ ಇರಲಿಲ್ಲ ಅನ್ನುವ ಧಾಟಿಯಲ್ಲಿ ಬರೆದಿದ್ದಾನೆ. (ಐನ್‌ಸ್ಟೈನ್ ಜೀವನ ಓದಿದವರು ಇದನ್ನು ಒಪ್ಪಲಿಕ್ಕಿಲ್ಲ, ಬಿಡಿ.)

ನಿಮಗೆ 'ಸ್ಪೇಸ್ ರಿಚುವಲ್' ಇಷ್ಟ ಅಂದಿದ್ದೀರಲ್ಲ, ಹಾಗಾದರೆ 'ಹಸನ್ ಇ ಸಬ್ಬಾ' ತಪ್ಪಿಸಬೇಡಿ. ಮಧ್ಯಯುಗದ ಪರ್ಷಿಯಾದ ಹಂತಕರ ಪಂಥವನ್ನೂ ಎಪ್ಪತ್ತರ ದಶಕದ ತೈಲ ರಾಜಕೀಯವನ್ನೂ ಒಟ್ಟಿಗೆ ಕಲಸಿದ ಹಾಡು. ಮೇಲೆ ಸೈಮನ್ ಹೌಸ್ ಅವರ ವಯಲಿನ್ ಹಾವಿನ ಹಾಗೆ ಸುತ್ತಿಕೊಳ್ಳುತ್ತದೆ. ಇದನ್ನು ಕ್ಯಾಲ್ವರ್ಟ್ ಜೊತೆ ಸೇರಿ ರಚಿಸಿದ್ದು ಯಾರು ಗೊತ್ತಾ? ಹೊರಗೆ ಹಾಕಿಸಿಕೊಂಡ ಪಾಲ್ ರುಡಾಲ್ಫ್! ಆಳನ್ನು ಕಳಿಸಿದರು, ಹಾಡನ್ನು ಇಟ್ಟುಕೊಂಡರು.

ಎಲ್ಲವೂ ಚೆನ್ನಾಗಿದೆ ಅನ್ನಲ್ಲ. 'ದಿ ಫೋರ್ಜ್ ಆಫ್ ವಲ್ಕನ್' ಸುತ್ತಿಗೆ ಸದ್ದಿನ ಮೇಲೆ ಸಿಂಥಸೈಜರ್ ಓಡಿಸಿದ್ದು, ಒಂದು ಸಲಕ್ಕೆ ಸಾಕು. ಕೊನೆಯ 'ದಿ ಐರನ್ ಡ್ರೀಮ್' ಶುರುವಾಗುವಷ್ಟರಲ್ಲಿ ಮುಗಿದುಹೋಗುತ್ತದೆ. ಶಾ ಅವರ ಬೇಸ್ ಅಚ್ಚುಕಟ್ಟು, ಆದರೆ ಲೆಮ್ಮಿಯ ಗುಡುಗು ಬೇಕು ಅಂದರೆ ಇಲ್ಲಿ ಸಿಗುವುದಿಲ್ಲ. ಸಾಧ್ಯವಾದರೆ ಕವರ್ ಮಾತ್ರ ದೊಡ್ಡದಾಗಿ ನೋಡಿ. ಆಲ್ಬಂ ಕವರ್ ವಿನ್ಯಾಸ ಮಾಡುವ ಹಿಪ್ನೋಸಿಸ್‌ನವರು ಲಂಡನ್ನಿನ ಬ್ಯಾಟರ್‌ಸೀ ವಿದ್ಯುತ್ ಸ್ಥಾವರದ ಕಂಟ್ರೋಲ್ ರೂಮ್ ಇಟ್ಟು ಮಾಡಿದ್ದು. ಅದೇ ವರ್ಷ ಪಿಂಕ್ ಫ್ಲಾಯ್ಡ್ 'ಅನಿಮಲ್ಸ್' ಕವರ್ ಮೇಲೆ ಹಾಕಿದ್ದು ಅದೇ ಕಟ್ಟಡದ ಹೊರಗಿನ ನೋಟ.

ಈ ಐದು ಜನರೂ ಜಾಸ್ತಿ ದಿನ ಒಟ್ಟಿಗೆ ಇರಲಿಲ್ಲ. 1978ರಲ್ಲಿ ಹೌಸ್ ಡೇವಿಡ್ ಬೋವಿ ತಂಡಕ್ಕೆ ಹೋದರು, ಹಾಕ್‌ವಿಂಡ್ ಕೆಲಕಾಲ ಒಡೆದೇ ಹೋಯಿತು. ಬ್ರಾಕ್ ಮತ್ತು ಕ್ಯಾಲ್ವರ್ಟ್ ಹಾಕ್‌ಲಾರ್ಡ್ಸ್ ಅಂತ ಹೆಸರಿಟ್ಟುಕೊಂಡು ಒಂದು ಆಲ್ಬಂ ತಂದರು. ಹಾಗಾಗಿ 'ಕ್ವಾರ್ಕ್' ಹಿಡಿಸಿದರೆ ಮುಂದೆ 1979ರ 'ಪಿಎಕ್ಸ್‌ಆರ್ 5' ತಗೊಳ್ಳಿ, ಅದು ಹೆಚ್ಚುಕಡಿಮೆ ಇವರದೇ. ಮಾತು ಕಡಿಮೆ, ಗಿಟಾರ್ ಜಾಸ್ತಿ ಬೇಕಾದರೆ ಸೀದಾ 1980ರ 'ಲೆವಿಟೇಶನ್'ಗೆ ಹೋಗಿ. ಅಷ್ಟು ಹೊತ್ತಿಗೆ ತಂಡ ಮತ್ತೊಮ್ಮೆ ತಲೆಕೆಳಗಾಗಿತ್ತು, ಡ್ರಮ್ಸ್ ಮುಂದೆ ಕೂತಿದ್ದು ಕ್ರೀಮ್ ತಂಡದ ಜಿಂಜರ್ ಬೇಕರ್.