ಓದುಗರ ಪ್ರಶ್ನೆ: ಕಡಲಿನ ಸ್ಥಿತಿಯನ್ನು ಯಾವ ಮೀನು ಹೇಳುತ್ತದೆ?

ಪ್ರಶ್ನೆ: ಬೂತಾಯಿ ಹೇರಳವಾಗಿ ಸಿಕ್ಕ ವರ್ಷ ಕಡಲು ಚೇತರಿಸಿಕೊಂಡಿತು ಎನ್ನುತ್ತಾರೆ, ಸಿಗದ ವರ್ಷ ಅತಿಯಾದ ಮೀನುಗಾರಿಕೆಯಿಂದ ಬರಿದಾಯಿತು ಎನ್ನುತ್ತಾರೆ. ನಿಯಮ ಮಾಡುವವರು ನಿಜಕ್ಕೂ ಯಾವ ಅಳತೆಯನ್ನು ನೋಡಬೇಕು?
— ಓದುಗರೊಬ್ಬರು, ಗಂಗೊಳ್ಳಿ

ಉತ್ತರ: ಬೂತಾಯಿಯ ಪ್ರಮಾಣ ಈ ಕೆಲಸಕ್ಕೆ ಒದಗುವ ಅಳತೆಯಲ್ಲ. ಕೇರಳದಲ್ಲಿ 2012ರಲ್ಲಿ ನಾಲ್ಕು ಲಕ್ಷ ಟನ್ನಿನ ಹತ್ತಿರಕ್ಕೆ ಹೋಗಿದ್ದ ಬೂತಾಯಿ 2021ರಲ್ಲಿ 3,297 ಟನ್ನಿಗೆ ಕುಸಿಯಿತು. ಇದರಲ್ಲಿ ಬಲೆಯ ಪಾಲೆಷ್ಟು, ಮಳೆಗಾಲದಲ್ಲಿ ಆಳದ ತಣ್ಣೀರು ಮೇಲಕ್ಕೆ ಬರುವ ಕ್ರಮದಲ್ಲಾದ ಏರುಪೇರಿನ ಪಾಲೆಷ್ಟು ಎಂಬುದನ್ನು ಆ ಅಂಕಿಯೊಂದೇ ಬಿಡಿಸಿ ಹೇಳಲಾರದು. ಫ್ರಾಜಿಲೇರಿಯಾ ಓಷಿಯಾನಿಕಾ ಎಂಬ ಸೂಕ್ಷ್ಮ ಪಾಚಿಯನ್ನು ಬೂತಾಯಿಯ ಸಮೃದ್ಧಿಯ ಸೂಚಕವೆಂದು ನಮ್ಮ ವಿಜ್ಞಾನಿಗಳು 1955ರಲ್ಲೇ ಗುರುತಿಸಿದ್ದರು. ಮೀನು ಬರುವುದನ್ನು ಊಹಿಸಲು ಅಂಥ ಸೂಚಕ ನೆರವಾಗಬಹುದು, ಆದರೆ ದೋಣಿಗಳು ಹೆಚ್ಚಾದವೇ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. ನಿಯಮಕ್ಕೆ ಆಧಾರವಾಗಬೇಕಾದ ಸೂಚಕವು ಮುಖ್ಯವಾಗಿ ಮೀನುಗಾರಿಕೆಯ ಒತ್ತಡಕ್ಕೇ ಸ್ಪಂದಿಸಬೇಕು, ಹಲವು ವರ್ಷಗಳ ದಾಖಲೆಯಿರಬೇಕು ಮತ್ತು ಮೀನುಗಾರರಿಗೂ ಅರ್ಥವಾಗುವಂತಿರಬೇಕು.

ಯುರೋಪಿನ ಉತ್ತರ ಸಮುದ್ರದ 'ದೊಡ್ಡ ಮೀನಿನ ಸೂಚಕ' ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿ ಸಮೀಕ್ಷೆಯ ಹಡಗುಗಳು ಪ್ರತಿವರ್ಷ ಒಂದೇ ಬಗೆಯ ಟ್ರಾಲ್ ಬಲೆಯನ್ನು ಕಡಲ ತಳದಲ್ಲಿ ಸುಮಾರು ಅರ್ಧ ಗಂಟೆಯಂತೆ ಎಳೆದು, ಸಿಕ್ಕ ಮೀನುಗಳ ಉದ್ದವನ್ನು ಹಲಗೆಯ ಮೇಲಿಟ್ಟು ಅಳೆಯುತ್ತವೆ. ತಳದ ಮೀನುಗಳ ಒಟ್ಟು ತೂಕದಲ್ಲಿ 40 ಸೆಂಟಿಮೀಟರ್ ಮೀರಿದವುಗಳ ಪಾಲೇ ಸೂಚಕ. ಎಣಿಕೆಯ ಬದಲು ತೂಕವನ್ನು ಹಿಡಿದದ್ದಕ್ಕೆ ಕಾರಣವಿದೆ: ಎಣಿಕೆ ಹಿಡಿದರೆ, ಮರಿಗಳು ಹೆಚ್ಚಾಗಿ ಹುಟ್ಟಿದ ಒಳ್ಳೆಯ ವರ್ಷದಲ್ಲೇ ದೊಡ್ಡ ಮೀನಿನ ಪಾಲು ತೀರಾ ಇಳಿದಂತೆ ಕಾಣುತ್ತಿತ್ತು. 1980ರ ದಶಕದ ಆರಂಭದಲ್ಲಿ ಸುಮಾರು 0.3 ಇದ್ದ ಈ ಪಾಲು 2001ರಲ್ಲಿ 0.05ಕ್ಕೆ ಇಳಿದು, 2008ರ ಹೊತ್ತಿಗೆ 0.22ಕ್ಕೆ ಏರಿತು; ಗುರಿ 0.3. ಇದರ ದೊಡ್ಡ ಕೊರತೆಯೆಂದರೆ ನಿಧಾನ: ಒತ್ತಡ ತಗ್ಗಿದ ಪರಿಣಾಮ ಇದರಲ್ಲಿ ಕಾಣಲು ಹತ್ತು ವರ್ಷಕ್ಕೂ ಹೆಚ್ಚು ಬೇಕಾಯಿತು. ಆದ್ದರಿಂದ ಟ್ರಾಲಿಂಗ್ ನಡೆದ ಗಂಟೆಗಳಂಥ ನೇರ ಅಳತೆಯೂ ಇದರ ಜೊತೆಗಿರಲೇಬೇಕು.

ಇದನ್ನು ಹಾಗೆಯೇ ಮಲ್ಪೆಗೆ ತರಲಾಗದು. ನಮ್ಮ ನಂಗು ಮೀನು ಎಷ್ಟು ಬೆಳೆದರೂ ಒಂದು ಗೇಣು ಮೀರುವುದಿಲ್ಲ. ಹೀಗಿರುವಾಗ 40 ಸೆಂಟಿಮೀಟರಿನ ಗೆರೆಗೆ ಇಲ್ಲಿ ಅರ್ಥವಿಲ್ಲ. ಐರ್ಲೆಂಡಿನ ದಕ್ಷಿಣದ ಸೆಲ್ಟಿಕ್ ಸಮುದ್ರಕ್ಕೂ ಅದು ಹೊಂದದೆ 50ರ ಗೆರೆಯನ್ನು ಹಾಕಿಕೊಂಡರು. ಇನ್ನೂ ಮುಖ್ಯವಾದ ಮಾತೆಂದರೆ, ದೋಣಿಗಳು ಮೀನಿಳಿಸುವ ದಕ್ಕೆಯಲ್ಲಿ ಅಳೆದ ಮೀನು ಸಮೀಕ್ಷೆಯ ಮೀನಿಗೆ ಸಮವಲ್ಲ. ಬೆಳಿಗ್ಗೆ ಹೋಗಿ ಸಂಜೆಗೆ ಮರಳುತ್ತಿದ್ದ ಟ್ರಾಲ್ ದೋಣಿಗಳು ಈಗ ದಿನಗಟ್ಟಲೆ ಆಳದ ನೀರಿನಲ್ಲಿ ಉಳಿಯುತ್ತವೆ. ದಡದ ಹತ್ತಿರ ದೊಡ್ಡ ಮೀನು ಮುಗಿದಿದ್ದರೂ ದೂರದಿಂದ ತಂದ ಮೀನು ಆ ಕೊರತೆಯನ್ನು ಮರೆಮಾಚಿಬಿಡುತ್ತದೆ.

ಪ್ರಶ್ನೆ: ಹಿಡಿದ ಮೀನುಗಳ ಸರಾಸರಿ ಆಹಾರ ಸ್ತರ ಇಳಿಯುತ್ತಿದೆ ಎಂಬ ಲೆಕ್ಕವನ್ನು ನಂಬಬಹುದೇ?
— ವಿದ್ಯಾರ್ಥಿನಿ, ಕಾರವಾರ

ಉತ್ತರ: ಆಹಾರ ಸ್ತರವೆಂದರೆ ಆಹಾರ ಸರಪಳಿಯಲ್ಲಿ ಮೀನು ನಿಂತ ಮೆಟ್ಟಿಲು: ಸೂಕ್ಷ್ಮ ಪಾಚಿ ತಿನ್ನುವ ಬೂತಾಯಿ ಕೆಳಗೆ, ಮೀನು ತಿನ್ನುವ ಅಂಜಲ್ ಮೇಲೆ. ಮೀನುಗಾರಿಕಾ ವಿಜ್ಞಾನಿ ಡೇನಿಯಲ್ ಪೌಲಿ ಮತ್ತು ಸಂಗಡಿಗರು 1998ರಲ್ಲಿ ಮುಂದಿಟ್ಟ ಈ ಲೆಕ್ಕ ಜಗತ್ತನ್ನು ಎಚ್ಚರಿಸಿತು ನಿಜ. ಆದರೆ ಟ್ರೆವರ್ ಬ್ರಾಂಚ್ ಮತ್ತು ಸಂಗಡಿಗರು 2010ರಲ್ಲಿ ಸಮೀಕ್ಷೆಗಳೊಂದಿಗೆ ಹೋಲಿಸಿದಾಗ, ಹಿಡಿದ ಮೀನಿನ ಸರಾಸರಿ ಇಳಿದ ಕಡೆ ಕಡಲಿನೊಳಗಿನ ಸರಾಸರಿಯೂ ಇಳಿದಿರಬೇಕೆಂದಿಲ್ಲ ಎಂಬುದು ಕಂಡುಬಂತು. ಮೀನಿನ ಗುಂಪನ್ನು ಬಲೆಯಿಂದ ಸುತ್ತುವರಿದು ಹಿಡಿಯುವ ಪರ್ಸೀನ್ ದೋಣಿಗಳು ಒಂದು ವರ್ಷ ಬೂತಾಯಿಯನ್ನು ಹೆಚ್ಚಾಗಿ ತಂದರೆ ಸಾಕು, ಅಂಜಲ್ ಮೊದಲಿನಷ್ಟೇ ಇದ್ದರೂ ಸರಾಸರಿ ಇಳಿಯುತ್ತದೆ. ಸಮೀಕ್ಷೆಯ ಮೀನಿನಿಂದ ಮಾಡಿದ ಲೆಕ್ಕವನ್ನು ಪರಿಗಣಿಸಿ. ಮಾರುಕಟ್ಟೆಗೆ ಬಂದ ಮೀನಿನದಾದರೆ, ಆ ವರ್ಷ ಯಾವ ದೋಣಿಗಳು ಎಷ್ಟು ದಿನ ಕಡಲಿಗಿಳಿದವು ಎಂದು ಮೊದಲು ವಿಚಾರಿಸಿ.