ಸೈಂಧವ ಲವಣ, ಅಯೋಡಿನ್ ಮತ್ತು ಸೊಪ್ಪು ತೊಳೆಯುವ ಬಗ್ಗೆ

ಮನೆಯಲ್ಲಿ ಪೂರ್ತಿ ಸೈಂಧವ ಲವಣಕ್ಕೆ ಬದಲಾಗಿದ್ದೀರಿ (ಅದರಲ್ಲಿ ಸಾಮಾನ್ಯವಾಗಿ ಅಯೋಡಿನ್ ಸೇರಿಸಿರುವುದಿಲ್ಲ), ಸೊಪ್ಪು ತರಕಾರಿಯಿಂದಲೇ ಅಯೋಡಿನ್ ಸಿಗುತ್ತದಾ, ಸೊಪ್ಪನ್ನು ಸೋಪಿನಲ್ಲಿ ತೊಳೆಯಬಹುದಾ ಎಂದು ಕೇಳಿದ್ದೀರಿ.

ಥೈರಾಯ್ಡ್ ಗ್ರಂಥಿಗೆ ಬೇಕಾದ ಅಯೋಡಿನ್‌ಗೆ ಸೊಪ್ಪನ್ನು ನಂಬಿ ಕೂರಬೇಡಿ. ಮಣ್ಣಿನಲ್ಲಿ ಅಯೋಡಿನ್ ಇದ್ದಷ್ಟೇ ಗಿಡಕ್ಕೆ ಬರುತ್ತದೆ, ಮಲೆನಾಡಿನಂಥ ಜೋರು ಮಳೆಯ ಕಡೆ ಅದು ಕೊಚ್ಚಿಹೋಗಿರುತ್ತದೆ. ವಯಸ್ಕರಿಗೆ ದಿನಕ್ಕೆ 150 ಮೈಕ್ರೋಗ್ರಾಂ, ಗರ್ಭಿಣಿಯರಿಗೆ 250 ಬೇಕು. ಸಮುದ್ರದ ಮೀನು, ಮೊಟ್ಟೆ, ಹಾಲು, ಮೊಸರು ಒಳ್ಳೆಯ ಮೂಲಗಳು. ಮೀನು ತಿನ್ನದ ಮನೆಯಲ್ಲಿ ಅಯೋಡಿನ್ ಸೇರಿಸಿದ ಉಪ್ಪೇ ಸುಲಭ ದಾರಿ. ಉಪ್ಪು ಹೆಚ್ಚು ತಿನ್ನಬೇಕಿಲ್ಲ, ಬಳಸುವುದನ್ನೇ ಬದಲಿಸಿ. ಡಬ್ಬಿಯ ಮುಚ್ಚಳ ಬಿಗಿಯಾಗಿರಲಿ, ಒಲೆಯ ಪಕ್ಕ ಬೇಡ. ತೇವ, ಶಾಖಕ್ಕೆ ಅಯೋಡಿನ್ ಹಾರಿಹೋಗುತ್ತದೆ. ಸಾರಿಗೆ ಉಪ್ಪನ್ನು ಕೊನೆಗೆ ಹಾಕಿ. ಥೈರಾಯ್ಡ್ ಮಾತ್ರೆ ನುಂಗುತ್ತಿದ್ದರೆ ಕೆಲ್ಪ್ (ಅಯೋಡಿನ್ ಹೆಚ್ಚಿರುವ ಕಡಲಕಳೆ) ಗುಳಿಗೆಗೆ ಕೈಹಾಕುವ ಮುನ್ನ ವೈದ್ಯರನ್ನು ಕೇಳಿ, ಅತಿಯಾದರೂ ತೊಂದರೆಯೇ.

ಸೋಪು, ಪಾತ್ರೆ ತೊಳೆಯುವ ದ್ರವ ಖಂಡಿತ ಬೇಡ, ಅದು ಎಲೆಯೊಳಗೆ ಇಳಿದು ಉಳಿದುಬಿಡುತ್ತದೆ. ದಂಟಿನ ಸೊಪ್ಪಾದರೆ ಬೇರು ಕತ್ತರಿಸಿ, ಕಟ್ಟು ಬಿಚ್ಚಿ, ದೊಡ್ಡ ಪಾತ್ರೆಯ ನೀರಿನಲ್ಲಿ ಅಲ್ಲಾಡಿಸಿ. ಆಮೇಲೆ ಸೊಪ್ಪನ್ನು ಕೈಯಲ್ಲಿ ಮೇಲೆತ್ತಿ. ಪಾತ್ರೆಯನ್ನೇ ಬಗ್ಗಿಸಿದರೆ ತಳದ ಮರಳು ಮತ್ತೆ ಸೊಪ್ಪಿನ ಮೇಲೆಯೇ ಬೀಳುತ್ತದೆ. ತಳದಲ್ಲಿ ಬೆರಳಾಡಿಸಿದಾಗ ಮರಳು ಸಿಗದವರೆಗೂ ನೀರು ಬದಲಿಸಿ. ಸೇಬಿಗೆ ಅರ್ಧ ಲೀಟರ್ ನೀರಿಗೆ ಒಂದು ಟೀ ಚಮಚ ಅಡುಗೆ ಸೋಡ ಹಾಕಿ 12-15 ನಿಮಿಷ ನೆನೆಸಿ, ಹರಿಯುವ ನೀರಿನಲ್ಲಿ ಉಜ್ಜಿ ತೊಳೆಯಿರಿ. ಹೋಗುವುದು ಸಿಪ್ಪೆಯ ಮೇಲಿನ ಕೀಟನಾಶಕ ಮಾತ್ರ, ಒಳಗೆ ಇಳಿದದ್ದಲ್ಲ. ಸೌತೆಕಾಯಿಯನ್ನು ಸಿಪ್ಪೆ ತೆಗೆಯುವ ಮೊದಲೇ ತೊಳೆಯಿರಿ, ಇಲ್ಲದಿದ್ದರೆ ಚಾಕುವೇ ಕೊಳೆಯನ್ನು ಒಳಕ್ಕೆ ಒಯ್ಯುತ್ತದೆ.