ಒಬ್ಬರೇ ಕಟ್ಟುವ ಸಾಫ್ಟ್‌ವೇರ್: ಏನನ್ನು ತೆರೆದಿಡಬೇಕು, ಏನನ್ನು ತೆರೆದಿಡಬಾರದು?

ಪ್ರಶ್ನೆ: ಒಬ್ಬನೇ ವೆಬ್ ಆ್ಯಪ್ ಒಂದನ್ನು ಕಟ್ಟುತ್ತಿದ್ದೇನೆ. ಕೋಡನ್ನು ಮೊದಲ ದಿನದಿಂದಲೇ ಎಲ್ಲರಿಗೂ ತೆರೆದಿಡುವ ಆಸೆ. ಲೈಸೆನ್ಸ್ ಯಾವುದು ಹಾಕಲಿ? ದೊಡ್ಡ ಕಂಪನಿ ಎತ್ತಿಕೊಂಡು ಹೋದರೆ?

ಉತ್ತರ: ಲೈಸೆನ್ಸ್ ಫೈಲ್ ಹಾಕದೆ ಕೋಡ್ ಇಟ್ಟರೆ ಅದು ಓಪನ್ ಸೋರ್ಸ್ ಆಗುವುದಿಲ್ಲ. ಜನ ಓದಬಹುದು, ಬಳಸುವ ಹಕ್ಕು ಸಿಗದು. ಬಹಳ ಸಡಿಲವಾದ ಎಂಐಟಿ ಲೈಸೆನ್ಸ್ ಹಾಕಿದರೆ ಯಾರು ಬೇಕಾದರೂ ಕೋಡ್ ಒಯ್ದು, ತಿದ್ದಿ, ಮುಚ್ಚಿಟ್ಟುಕೊಂಡೇ ಮಾರಬಹುದು; ಕಾಪಿರೈಟ್ ಮತ್ತು ಲೈಸೆನ್ಸ್ ಒಕ್ಕಣೆ ಉಳಿಸಿಕೊಂಡರೆ ಆಯಿತು. ತಿದ್ದಿದ ಕೋಡನ್ನು ವಿತರಿಸುವವರು ಅದನ್ನೂ ತೆರೆದಿಡಬೇಕು ಎನ್ನುವ ಸಾಮಾನ್ಯ ಜಿಪಿಎಲ್ ಲೈಸೆನ್ಸ್ ಕೂಡ ನಿಮ್ಮನ್ನು ಕಾಯುವುದಿಲ್ಲ, ಏಕೆಂದರೆ ಸರ್ವರ್‌ನಲ್ಲಿ ಓಡಿಸುವುದು ಅದರ ಲೆಕ್ಕದಲ್ಲಿ ‘ವಿತರಣೆ’ ಅಲ್ಲ. ಅದರದೇ ಬಿಗಿಯಾದ ರೂಪವಾಗಿ 2007ರಲ್ಲಿ ಬಂದ ಎಜಿಪಿಎಲ್ ಮೂರನೇ ಆವೃತ್ತಿ ಈ ಕಿಂಡಿಯನ್ನು ಮುಚ್ಚುತ್ತದೆ: ತಿದ್ದಿದ ಕೋಡನ್ನು ನೆಟ್‌ವರ್ಕ್ ಮೂಲಕ ಬಳಕೆಗೆ ಕೊಟ್ಟವರು ಆ ತಿದ್ದುಪಡಿಯನ್ನೂ ಬಳಕೆದಾರರಿಗೆ ಕೊಡಬೇಕು. ವೆಬ್‌ಸೈಟ್ ಭೇಟಿಗಳನ್ನು ಲೆಕ್ಕ ಹಾಕುವ ಪ್ಲಾಸಿಬಲ್ ಅನಲಿಟಿಕ್ಸ್‌ನವರು 2020ರಲ್ಲಿ ಎಂಐಟಿ ಬಿಟ್ಟು ಎಜಿಪಿಎಲ್‌ಗೆ ಬಂದರು. ಹಾಗೆಂದು ಪೈಪೋಟಿ ನಿಲ್ಲುತ್ತದೆ ಎಂದುಕೊಳ್ಳಬೇಡಿ. ನಿಮ್ಮ ಕೋಡ್‌ನಿಂದಲೇ ದುಡ್ಡು ಮಾಡುವುದನ್ನು ಎಜಿಪಿಎಲ್ ತಡೆಯುವುದಿಲ್ಲ.

ಹಲವರು ಮರೆಯುವುದು ಹೊರಗಿನವರು ಕಳಿಸುವ ಪ್ಯಾಚ್‌ಗಳನ್ನು, ಅಂದರೆ ಕೋಡ್ ತಿದ್ದುಪಡಿಗಳನ್ನು. ಆ ಸಾಲುಗಳ ಕಾಪಿರೈಟ್ ಬರೆದವರದೇ. ಮುಂದೆ ಲೈಸೆನ್ಸ್ ಬದಲಿಸಲು ಅಥವಾ ಕಂಪನಿಗಳಿಗೆ ಬೇರೆ ಲೈಸೆನ್ಸ್ ಮಾರಲು ಅವರೆಲ್ಲರ ಒಪ್ಪಿಗೆ ಬೇಕಾದೀತು. ಆ ಯೋಚನೆ ಇದ್ದರೆ ಮೊದಲ ಪ್ಯಾಚ್ ಸೇರಿಸುವ ಮುನ್ನವೇ ಕೊಡುಗೆದಾರರ ಒಪ್ಪಂದ ಇಟ್ಟುಕೊಳ್ಳಿ. ಈಗಾಗಲೇ ಹೊರಬಂದ ಆವೃತ್ತಿಯ ಲೈಸೆನ್ಸನ್ನಂತೂ ವಾಪಸು ಪಡೆಯಲಾಗದು. 2023ರಲ್ಲಿ ಹಾಶಿಕಾರ್ಪ್ ಕಂಪನಿ ಟೆರಾಫಾರ್ಮ್ ಎಂಬ ತನ್ನ ಸಾಫ್ಟ್‌ವೇರ್‌ನ ಲೈಸೆನ್ಸ್ ಬಿಗಿ ಮಾಡಿದಾಗ ಹಳೆಯ ಆವೃತ್ತಿಯಿಂದಲೇ ಓಪನ್‌ಟೋಫು ಎಂಬ ಬೇರೆ ಯೋಜನೆ ಕವಲೊಡೆಯಿತು.

ಪ್ರಶ್ನೆ: ಪೇಮೆಂಟ್ ಗೇಟ್‌ವೇಯ ಸೀಕ್ರೆಟ್ ಕೀ ಕಣ್ತಪ್ಪಿ, ಕೋಡಿನ ಇತಿಹಾಸ ಇಡುವ ಗಿಟ್‌ನಲ್ಲಿ ಕಮಿಟ್ (ದಾಖಲು) ಆಗಿ ಹೊರಗೆ ಹೋಯಿತು. ಹತ್ತು ನಿಮಿಷದಲ್ಲಿ ಅಳಿಸಿ ಮತ್ತೆ ಪುಶ್ ಮಾಡಿದೆ. ಸಾಕಲ್ಲವೆ?

ಉತ್ತರ: ಸಾಲದು. ಹೊಸ ಕಮಿಟ್‌ನಲ್ಲಿ ಅಳಿಸಿದ್ದು ಹಳೆಯ ಕಮಿಟ್‌ನಲ್ಲಿ ಹಾಗೆಯೇ ಕೂತಿರುತ್ತದೆ. ಇಂಥ ಕೀಗಳನ್ನು ಹುಡುಕುವುದಕ್ಕೆಂದೇ ಬಾಟ್‌ಗಳಿವೆ. ಅವಕ್ಕೆ ಹತ್ತು ನಿಮಿಷ ಧಾರಾಳ. ಈ ಕ್ಷಣ ಗೇಟ್‌ವೇಯ ಡ್ಯಾಶ್‌ಬೋರ್ಡ್‌ಗೆ ಹೋಗಿ ಆ ಕೀ ರದ್ದು ಮಾಡಿ, ಹೊಸದನ್ನು ಸರ್ವರ್‌ಗೆ ಹಾಕಿ. ಆಮೇಲೆ ಗೇಟ್‌ವೇಯ ಲಾಗ್ (ಬಳಕೆಯ ದಾಖಲೆ) ತೆರೆದು, ಕೀ ಹೊರಹೋದ ಹೊತ್ತಿನಿಂದ ರದ್ದಾಗುವವರೆಗೆ ಆ ಕೀ ಬಳಸಿ ಬಂದ, ನಿಮಗೆ ಗೊತ್ತಿಲ್ಲದ ಕೋರಿಕೆಗಳು, ರೀಫಂಡ್‌ಗಳು ಇವೆಯೇ ನೋಡಿ. ಇತಿಹಾಸ ತೊಳೆಯುವ ಗಿಟ್ ಫಿಲ್ಟರ್‌ರೆಪೋ ಕೆಲಸ ಕೊನೆಗಿರಲಿ. ಗಾಬರಿಯಲ್ಲಿ ಎಲ್ಲರೂ ಅದನ್ನೇ ಮೊದಲು ಹಿಡಿಯುತ್ತಾರೆ, ಅಷ್ಟೂ ಹೊತ್ತು ಕೀ ಜೀವಂತವಾಗಿರುತ್ತದೆ! ತೊಳೆದರೂ ಬೇರೆಯವರು ಮಾಡಿಕೊಂಡ ಪ್ರತಿಗಳಲ್ಲಿ (ಫೋರ್ಕ್, ಕ್ಲೋನ್) ಅದು ಉಳಿದೇ ಇರುತ್ತದೆ.

ಕೀಗಳಿರುವ ಫೈಲಿನ ಹೆಸರನ್ನು ಗಿಟ್‌ಇಗ್ನೋರ್‌ಗೆ (ಗಿಟ್ ಕಡೆಗಣಿಸಬೇಕಾದ ಫೈಲುಗಳ ಪಟ್ಟಿಗೆ) ಸೇರಿಸಿದ ಮಾತ್ರಕ್ಕೆ ನಿಶ್ಚಿಂತರಾಗಬೇಡಿ. ಒಮ್ಮೆ ಟ್ರ್ಯಾಕ್ ಆದ ಫೈಲನ್ನು ಗಿಟ್ ಬಿಡುವುದಿಲ್ಲ, ಇಂಡೆಕ್ಸ್‌ನಿಂದಲೂ (ಟ್ರ್ಯಾಕ್ ಆಗುವ ಫೈಲುಗಳ ಪಟ್ಟಿಯಿಂದಲೂ) ತೆಗೆಯಬೇಕು. ಕಮಿಟ್‌ಗೆ ಮುನ್ನ ತಾನಾಗಿ ಓಡುವಂತೆ, ಕೀಗಳನ್ನು ಪತ್ತೆಹಚ್ಚುವ ಗಿಟ್‌ಲೀಕ್ಸ್‌ನಂಥ ಸ್ಕ್ಯಾನರ್ ಕೂರಿಸಿ. ಖಾಸಗಿಯಾಗಿದ್ದ ರೆಪೊಸಿಟರಿಯನ್ನು (ಕೋಡ್ ಮತ್ತು ಅದರ ಇತಿಹಾಸ ಇರುವ ಜಾಗವನ್ನು) ತೆರೆಯುವವರು ಇಡೀ ಇತಿಹಾಸವನ್ನು ಸ್ಕ್ಯಾನ್ ಮಾಡಲೇಬೇಕು. ಅನುಮಾನವಿದ್ದರೆ ಇಂದಿನ ಕೋಡನ್ನಷ್ಟೇ ಹೊಸ ರೆಪೊಸಿಟರಿಗೆ ಒಂದೇ ಕಮಿಟ್ ಆಗಿ ಹಾಕುವುದು ಲೇಸು.

ಪ್ರಶ್ನೆ: ತಿಂಗಳ ಆದಾಯವನ್ನು ಬಹಿರಂಗಪಡಿಸಬಹುದೆ? ನನಗಿರುವುದು 20 ಗ್ರಾಹಕರು.

ಉತ್ತರ: ಇಷ್ಟು ಕಡಿಮೆ ಗ್ರಾಹಕರಿದ್ದಾಗ ಬೇಡ. ದರಪಟ್ಟಿ ಎಲ್ಲರಿಗೂ ಗೊತ್ತಿರುವುದರಿಂದ, ಮೊತ್ತದ ಏರಿಳಿತ ನೋಡಿಯೇ ಯಾವ ಪ್ಲಾನಿನವರು ಬಂದರು, ಹೋದರು ಎಂದು ಲೆಕ್ಕ ಹಾಕಬಹುದು. ಒಬ್ಬರು ಬಿಟ್ಟರೆ ಶೇ. 5, ಇಬ್ಬರು ಬಿಟ್ಟರೆ ಶೇ. 10, ಈ ಜಿಗಿತಕ್ಕೆ ಅರ್ಥವಿಲ್ಲ, ನೋಡುವವರಿಗೆ ಮಾತ್ರ ಹಡಗು ಮುಳುಗಿದಂತೆ ಕಾಣುತ್ತದೆ. ಆದರೆ ತಿಂಗಳಿಗೆ ಶೇ. 5 ಗ್ರಾಹಕರು ಬಿಡುವುದು ನಿಜವಾಗಿಯೂ ಮುಂದುವರಿದರೆ ವರ್ಷದ ಕೊನೆಗೆ 100 ಹಳೆಯ ಗ್ರಾಹಕರಲ್ಲಿ ಉಳಿಯುವವರು ಸುಮಾರು 54. ಹಾಗಾಗಿ ನಿಮಗೋಸ್ಕರ ಲೆಕ್ಕ ಇಡಿ. ವಾರ್ಷಿಕ ಪ್ಲಾನಿನ ಹಣವನ್ನು ಬಂದ ತಿಂಗಳಿಗೇ ಬರೆಯದೆ 12ರಿಂದ ಭಾಗಿಸಿ. ಗ್ರಾಹಕರು ಹೆಚ್ಚಿದ ಮೇಲೆ ಮೂರು ತಿಂಗಳು ತಡವಾಗಿ ಪ್ರಕಟಿಸಬಹುದು. ಗ್ರಾಹಕರು ಯಾವ ದಾರಿಯಿಂದ ಬರುತ್ತಿದ್ದಾರೆ ಎಂಬುದನ್ನು ಮಾತ್ರ ಹೇಳಬೇಡಿ. ಪೈಪೋಟಿಯವರಿಗೆ ಕೋಡ್‌ಗಿಂತ ಬೇಕಾದದ್ದು ಅದೇ.

ಪ್ರಶ್ನೆ: ಮುಂದಿನ ಫೀಚರ್‌ಗಳ ಪಟ್ಟಿಯಲ್ಲಿ ದಿನಾಂಕ ಹಾಕಬೇಕೆ?

ಉತ್ತರ: ಬೇಡ. ‘ಈಗ’, ‘ಮುಂದೆ’, ‘ಆಮೇಲೆ’ ಎಂಬ ಮೂರು ಕಾಲಂ ಸಾಕು. ವೋಟ್ ತೆಗೆದುಕೊಳ್ಳುವುದಾದರೆ ಹಣ ಕೊಡುವವರ ವೋಟನ್ನು ಬೇರೆಯಾಗಿ ಎಣಿಸಿ.

ಪ್ರಶ್ನೆ: ಸರ್ವರ್ ಬಿದ್ದಾಗ ಅದನ್ನೂ ಬಹಿರಂಗವಾಗಿ ಹೇಳಬೇಕೆ?

ಉತ್ತರ: ಹೇಳಿ. ಸೇವೆ ನಡೆಯುತ್ತಿದೆಯೇ ಎಂದು ತೋರಿಸುವ ಸ್ಟೇಟಸ್ ಪುಟ ಮಾತ್ರ ಬೇರೆ ಕಡೆ ಹೋಸ್ಟ್ ಆಗಿರಲಿ, ಅದೇ ಸರ್ವರ್‌ನಲ್ಲಿಟ್ಟರೆ ಜೊತೆಗೇ ಬೀಳುತ್ತದೆ. ಒಬ್ಬರೇ ಇರುವವರು ರಿಪೇರಿಗೆ ಕೈ ಹಾಕುವ ಮುಂಚೆ ‘ಗಮನಿಸಿದ್ದೇನೆ, ನೋಡುತ್ತಿದ್ದೇನೆ’ ಎಂದು ಒಂದು ಸಾಲು ಬರೆದುಬಿಡಬೇಕು. ಇಲ್ಲದಿದ್ದರೆ ಅರ್ಧ ಹೊತ್ತು ಇಮೇಲ್‌ಗಳಿಗೆ ಉತ್ತರಿಸುವುದರಲ್ಲೇ ಹೋಗುತ್ತದೆ. ಸರಿಯಾದ ಮೇಲೆ ಎಷ್ಟು ಹೊತ್ತು ನಿಂತಿತ್ತು, ಏನು ಕಾರಣ, ಯಾರ ಡೇಟಾಕ್ಕಾದರೂ ಧಕ್ಕೆ ಆಯಿತೇ ಎಂಬುದನ್ನು ಸೇರಿಸಿ. ಇನ್ನೂ ಮುಚ್ಚದ ಭದ್ರತಾ ಲೋಪವೇ ಕಾರಣವಾಗಿದ್ದರೆ, ಅದನ್ನು ಮುಚ್ಚುವವರೆಗೆ ಅದರ ವಿವರ ಬರೆಯಬೇಡಿ.